ಮಡೆಪ್ಪನ ದೊಡ್ಡಿಯಲ್ಲಿದ್ದ ವಿಮಾನ

ಮಡೆಪ್ಪ ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಟ್ಟೇ ಕೂಡುತ್ತಿದ್ದ, ಕರೆದರೆ ಎದ್ದು ಓಡುವವನ ಹಾಗೆ. ಬಡಿಗೆ ಈ ಹೆಗಲಿನಿಂದ ಆ ಹೆಗಲಿಗೆ, ಆ ಹೆಗಲಿನಿಂದ ಈ ಹೆಗಲಿಗೆ. ಕುರಿ ಕಾಯುವವರೆಲ್ಲ ಹೀಗೇ ಎನ್ನುತ್ತಾರೆ ಜನ. ಸುಳ್ಳು. ಕುರಿ ಕಾಯುವವರು ಕೋಲು ಊರಿಕೊಂಡು ಒಂಟಿಕಾಲ ಮೇಲೆ ಅರ್ಧ ದಿನ ನಿಲ್ಲುತ್ತಾರೆ, ನಾನು ಕಂಡಿದ್ದೇನೆ. ಮಡೆಪ್ಪನನ್ನು ನಿಲ್ಲದ ಹಾಗೆ ಮಾಡಿದ್ದು ಒಂದು ವಿಮಾನ.

ನಿಜಾಮನ ಮೇಲೆ ದಿಲ್ಲಿಯ ಸೈನ್ಯ ಬಂದ ಪೊಲೀಸ್ ಆಕ್ಷನ್ನಿನ ಭಾದ್ರಪದ ಅದು. ಬೀದರಿನ ವಿಮಾನದ ಮೈದಾನದ ಮೇಲೆ ಬಾಂಬು ಬಿತ್ತು ಎಂಬ ಸುದ್ದಿ ಔರಾದಿನ ತನಕ ಬಂದಿತ್ತು. ಊರಾಚೆಯ ತನ್ನ ಬೀಳಿನಲ್ಲಿ ಮಡೆಪ್ಪ ಹಿಂಡು ಬಿಟ್ಟುಕೊಂಡಿದ್ದ. ಮೊದಲು ಬಂದದ್ದು ನೆರಳು. ಕುರಿಗಳ ಬೆನ್ನ ಮೇಲೆ ಕರಿಕಂಬಳಿ ಎಳೆದ ಹಾಗೆ ಹರಿದುಹೋಯಿತಂತೆ, ಹಿಂಡು ದಿಕ್ಕಾಪಾಲು. ಹಿಂದೆಯೇ ಕೆಮ್ಮುವ ಸದ್ದು. ಆಮೇಲೆ ಒಂದರ ಮೇಲೊಂದು ಎರಡು ಜೋಡಿ ರೆಕ್ಕೆಯ, ಬರೀ ಕಟ್ಟಿಗೆ ಮತ್ತು ಬಟ್ಟೆಯ ಒಂದು ಸಣ್ಣ ವಿಮಾನ ಬೀಳಿನ ಮೇಲೆ ಕುಪ್ಪಳಿಸಿ, ಜಾಲಿಗಿಡಕ್ಕೆ ಕೆಳಗಿನ ಬಲರೆಕ್ಕೆಯನ್ನು ಹರಿಸಿಕೊಂಡು ನಿಂತಿತು. ಓಡಿಸುತ್ತಿದ್ದವನು ಜಿಗಿದು ಉದಗೀರದ ದಿಕ್ಕಿಗೆ ನಡೆದೇಬಿಟ್ಟ. ಹಿಂದಿರುಗಿ ನೋಡಲಿಲ್ಲ. ಮತ್ತೆ ಬರಲೂ ಇಲ್ಲ. ಉಳಿದವನು ಬಾಬುಮಿಯಾ, ಬೀದರಿನ ಮೈದಾನದಲ್ಲಿ ವಿಮಾನ ರಿಪೇರಿ ಮಾಡಿ, ನೆಲದ ಮೇಲೆ ಓಡಿಸಿ ನೋಡುತ್ತಿದ್ದ ಫಿಟರ್.

ಮಡೆಪ್ಪ ಬಡಿಗೆ ಎತ್ತಿಕೊಂಡೇ ಓಡಿಬಂದನಂತೆ.

"ಯಾವನಲೇ ಅವ, ನನ್ನ ಹಿಂಡ ಬೆದರಿಸ್ದವ? ಇಳಿ ಕೆಳಗ!"

"ಇಳಿಲಾಕ ಬರಲ್ಲ ಭಾಯಿ. ಕಾಲ ಮುರದದ."

"ಮುರೀಲಿ! ಗಬ್ಬದ ಕುರಿ ಅವ ನನ್ನವು. ಕಂದು ಹಾಕಿದ್ರ ಯಾರು ಹೊಣಿ?"

"ಬೈಯೋದು ಆಮ್ಯಾಲ ಬೈ. ಮೊದಲ ನೀರ ಕೊಡು."

ನೀರು ಕೊಟ್ಟ. ಇಬ್ಬರ ಕಥೆ ಶುರುವಾದದ್ದು ಅಲ್ಲಿಂದ.

ಆಮೇಲಿನ ದಿನಗಳ ಬಗ್ಗೆ ನಮ್ಮ ಕಡೆಯ ಹಿರಿಯರು ಮಾತಾಡುವುದಿಲ್ಲ. ನಾನೂ ಹೆಚ್ಚು ಬರೆಯುವುದಿಲ್ಲ. ರಜಾಕಾರರ ಹಾವಳಿ ಮುಗಿಯಿತು ಅನ್ನುವಷ್ಟರಲ್ಲಿ ಸೇಡಿನ ಹಾವಳಿ ಹತ್ತಿತು. ಹಗಲಿನಲ್ಲೇ ಮನುಷ್ಯರು ಮನುಷ್ಯರನ್ನು ಹುಡುಕಿಕೊಂಡು ತಿರುಗಿದರು. ಬಾಬುಮಿಯಾ ಎಂಬ ಹೆಸರಿನವನಿಗೆ ಆಗ ಬೀದರಿಗೆ ಹೋಗುವ ದಾರಿಯೇ ಇರಲಿಲ್ಲ. ವಿಮಾನ ಕಂಡರೆ ಅದರೊಳಗಿದ್ದವನು ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೆ ಮಡೆಪ್ಪ ಎತ್ತು ಹೂಡಿ ವಿಮಾನವನ್ನು ಎಳೆದು ತಂದು ಮುಳ್ಳುಬೇಲಿಯ ಕುರಿದೊಡ್ಡಿಯೊಳಗೆ ನಿಲ್ಲಿಸಿ, ಮೇಲೆ ಜೋಳದ ಕಣಿಕೆ ಒಟ್ಟಿದ. ಬಾಬುಮಿಯಾನ ಕಾಲಿಗೆ, ಕುರಿಗೆ ಕಟ್ಟುವ ಹಾಗೆಯೇ, ಬಿದಿರಿನ ದಬ್ಬೆ ಕಟ್ಟಿ ಕಂಬಳಿ ಹೊದಿಸಿ ಮಲಗಿಸಿದ.

ಹುಡುಕುವವರು ಬಂದರು. ಕಣಿಕೆಯ ಬಣವೆಯಿಂದ ವಿಮಾನದ ಮೂಗಿನ ಕಟ್ಟಿಗೆ ಪಂಖದ ತುದಿ ಹೊರಗೆ ಇಣುಕುತ್ತಿತ್ತು. ಮಡೆಪ್ಪನ ಹೆಂಡತಿ ಭೀಮಬಾಯಿ ಅದರ ಮೇಲೆ ಹಸಿ ಕಂಬಳಿ ಒಣಹಾಕುತ್ತ ನಿಂತಿದ್ದಳು.

"ಅದೇನ ಬಾಯಿ, ಆ ಕಟಗಿ?"

"ಕಂಬಳಿ ಹಾಕೋ ಗಳ. ಯಾಕ, ನಿಮ್ಮನ್ಯಾಗ ಕಂಬಳಿ ನೆಲಕ್ಕ ಒಣಗಸ್ತಾರೇನ್?"

"ಮಲಗಿದವ ಯಾರು?"

"ನನ್ನ ಮೈದುನ. ಮೈಲಿಬ್ಯಾನಿ ಬಂದದ. ಹತ್ರ ಹೋಗಿ ನೋಡ್ರಿ ಬೇಕಾದ್ರ."

ಸಿಡುಬು ಅಂದಮೇಲೆ ಯಾರೂ ಹತ್ತಿರ ಹೋಗಲಿಲ್ಲ.

ಜೋಳ ತೆನೆ ಕಟ್ಟುವ ತನಕ ಬಾಬುಮಿಯಾ ಅಲ್ಲೇ ಇದ್ದ. ಆ ದಿನಗಳಲ್ಲಿ ಮಡೆಪ್ಪ ಅವನನ್ನು ಕೇಳಿದ ಪ್ರಶ್ನೆ ಒಂದೇ: ಮೇಲಿನಿಂದ ನೋಡಿದರೆ ಕುರಿ ಹೇಗೆ ಕಾಣುತ್ತವೆ? ನೆರಳು ಕೆಳಗೆ, ತಾವು ಮೇಲೆ, ನಡುವೆ ಏನೂ ಇಲ್ಲ ಅಂದರೆ ಅದು ಹೇಗಿರುತ್ತದೆ?

"ಹೇಳಿದ್ರ ತಿಳಿಯಲ್ಲ," ಅಂದನಂತೆ ಬಾಬುಮಿಯಾ. "ಇದೇ ಜಹಾಜದಾಗ ನಿನಗ ಮ್ಯಾಲ ಒಯ್ತೀನಿ. ಇದು ನನ್ನ ಜಬಾನು."

ಹಾಗೆಂದು ಬೀದರಿಗೆ ಹೋದ. ಅಂದಿನಿಂದ ಮಡೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾನು ಈ ಕಥೆಯೊಳಗೆ ಬಂದದ್ದು ಆಮೇಲೆ. ನನಗೆ ಮಾಣಿಕಣ್ಣ ಎನ್ನುತ್ತಾರೆ. ಕಮಠಾಣದವನು, ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಿಂದ ಭಾಲ್ಕಿ, ಔರಾದಿಗೆ ಲಾರಿ ಓಡಿಸುತ್ತೇನೆ. ಹೋಗುವಾಗ ಉಪ್ಪು, ಬರುವಾಗ ತೊಗರಿ. ಒಂದು ದಿನ ಔರಾದ ದಾಟಿ ಕಣಿಕೆ ತುಂಬಲು ಹೋದಾಗ ಬಣವೆಯೊಳಗೆ ಇಂಜಿನ್ನಿನ ಮೂಗು ಕಂಡು ಬೆರಗಾದೆ. ನನಗೆ ಇಂಜಿನ್ ಕಂಡರೆ ಕೈ ತಡೆಯುವುದಿಲ್ಲ. ಮಡೆಪ್ಪ ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದ. ನಾನೂ ದಬ್ಬಿದೆ. ಭೀಮಬಾಯಿ ಮಜ್ಜಿಗೆ ತಂದಿಟ್ಟ ಮೇಲೆ ಇಬ್ಬರೂ ಸಮಾಧಾನವಾದೆವು; ಅಂದಿನಿಂದ ಅವಳು ನನಗೆ ವೈನಿ, ಅತ್ತಿಗೆ.

ಬಾಬುಮಿಯಾ ಅಷ್ಟೊತ್ತಿಗೆ ಗಂಜಿನ ಹೊರಬಾಗಿಲಲ್ಲಿ ಸೈಕಲ್ ದುಕಾನು ಹಾಕಿದ್ದ. ಕಾಲು ಸ್ವಲ್ಪ ಕುಂಟು. ಅಮಾವಾಸ್ಯೆಗೊಮ್ಮೆ ಔರಾದಿಗೆ ಹೋಗಿ ಇಂಜಿನ್ನಿಗೆ ಎಣ್ಣೆ ಬಿಟ್ಟು, ಪಂಖ ಕೈಯಿಂದ ತಿರುಗಿಸಿ ಬರುತ್ತಿದ್ದ. ನನ್ನ ಲಾರಿ ಸಿಕ್ಕ ಮೇಲೆ ಬಸ್ಸಿಗೆ ಕಾಯುವುದು ತಪ್ಪಿತು. ಮೂರನೆಯವನು ಭಾಲ್ಕಿಯ ಜ್ಞಾನೇಶ್ವರ ಮಾಸ್ತರ. ಅವರ ಕೇರಿಯಿಂದ ಸಾಲಿ ಕಲಿತು ಮಾಸ್ತರನಾದವನು ಅವನೇ ಮೊದಲಿಗ. ಹಳೆಯದು ಯಾವುದು ಕಂಡರೂ ಅವನಿಗೆ ಪ್ರಾಣ. ನಿಜಾಮನ ಕಾಲದ ಮೈಲುಗಲ್ಲನ್ನು ರಸ್ತೆಯವರು ಕಿತ್ತೆಸೆದರೆ ಎತ್ತಿನಗಾಡಿಯಲ್ಲಿ ಮನೆಗೆ ಹೇರಿಕೊಂಡು ತಂದವನು.

ಶುಕ್ರವಾರ ಸಂಜೆ ಗಂಜಿನ ಫಕ್ರೋದ್ದೀನನ ಚಹಾದ ಹೋಟಲಿನಲ್ಲಿ ನಾವು ಸೇರುವುದು. ಮಡೆಪ್ಪ ಉಣ್ಣೆ ಮಾರಲು ಬಂದರೆ ಅವನೂ ಇರುತ್ತಿದ್ದ, ಬಾಗಿಲಲ್ಲಿ ನಿಂತೇ. ಮಾತು ಒಂದೇ: ವಿಮಾನವನ್ನು ಏನು ಮಾಡಬೇಕು.

"ಮುಟ್ಟಬ್ಯಾಡ್ರಿ," ಎನ್ನುತ್ತಿದ್ದ ಮಾಸ್ತರ. "ಹ್ಯಾಂಗ ಬಿದ್ದದ ಹಂಗೇ ಇರ್ಲಿ. ಹರದ ರೆಕ್ಕಿ ಹರದೇ ಇರ್ಲಿ. ಅದು ಆ ದಿನದ ಸಾಕ್ಷಿ ಅದ."

"ಸಾಕ್ಷಿ ಹೇಳ್ಲಾಕ ಜಹಾಜ ಏನ್ ಕೋರ್ಟಿಗಿ ಹೋಗ್ತದೇನ್ರಿ?" ಬಾಬುಮಿಯಾನ ಧ್ವನಿ ಏರುತ್ತಿತ್ತು. "ಹಾರಲಾರದ್ದು ಜಹಾಜ ಅಲ್ಲ ಮಾಸ್ತರ, ಅದು ಕಪಾಟು."

"ಹಾರಿಸಿ ಒಡದ್ರ ಉಳಿಯೋದೇನು? ಬೂದಿ."

"ಇಟ್ಟು ಕೊಳಸಿದ್ರ ಉಳಿಯೋದೇನು? ಗೆದ್ದಲ."

"ನಿಮ್ಮಿಬ್ಬರ ತಲಿ!" ಇದು ನಾನು. "ಮೊದಲ, ಮಳಿ ಬೀಳದಂಗ ಮ್ಯಾಲ ತಗಡ ಹಾಕೋಣು ಅಂದ್ರ ಒಬ್ಬರೂ ಕಿವಿಗಿ ಹಾಕೊಳ್ಳಲ್ರಿ."

ಬಣ್ಣದ ಜಗಳ ಬೇರೆ. ಅದು ಮೊದಲು ಹಳದಿ ಇತ್ತು ಎಂದು ಬಾಬುಮಿಯಾ; ಬಿದ್ದ ದಿನ ಬೂದಿ ಬಣ್ಣ ಇತ್ತು, ಅದೇ ಇರಬೇಕೆಂದು ಮಾಸ್ತರ. ನಾನು ಒಮ್ಮೆ ಸಿಟ್ಟಿಗೆ ಚಹಾದ ಪಿಂಗಾಣಿ ಬಶಿಯನ್ನು ನೆಲಕ್ಕೆ ಅಪ್ಪಳಿಸಿದೆ. ಫಕ್ರೋದ್ದೀನ ಅಂದಿನಿಂದ ನನಗೆ ಮಾತ್ರ ತಗಡಿನ ಲೋಟದಲ್ಲಿ ಚಹಾ ಕೊಡುತ್ತಾನೆ.

ಬಾಗಿಲಲ್ಲಿದ್ದ ಮಡೆಪ್ಪ ಎಲ್ಲ ಕೇಳಿ, ಬಡಿಗೆಯ ಹೆಗಲು ಬದಲಿಸಿ, ಒಂದೇ ಕೇಳುತ್ತಿದ್ದ. "ಬಾಬುಮಿಯಾ, ಮ್ಯಾಲ ಯಾವಾಗ?"

"ಹಬ್ಬ ಮುಗೀಲಿ ಭಾಯಿ."

ಎಷ್ಟು ಹಬ್ಬ ಮುಗಿದವೋ.

ಈ ವರ್ಷ, ವಿಮಾನ ಬಿದ್ದ ಮೇಲಿನ ಎಂಟನೆಯ ಬೇಸಿಗೆಯಲ್ಲಿ, ಮಾಸ್ತರ ಉಸಿರುಬಿಡುತ್ತ ಹೋಟಲಿಗೆ ಬಂದ. ಹೈದರಾಬಾದಿನಲ್ಲಿ ಹಳೆಯ ವಿಮಾನಗಳ ಹುಚ್ಚಿರುವ ಕೆಲವರು ಒಂದು ಮಂಡಳಿ ಕಟ್ಟಿದ್ದಾರೆ. ಅವರೊಳಗಿನ ಒಬ್ಬ ಸಾಹೇಬ, ಮೊದಲು ತಾನೇ ವಿಮಾನ ಓಡಿಸುತ್ತಿದ್ದವನು, ಬರುವ ಅಮಾವಾಸ್ಯೆಯ ದಿನ ಔರಾದಿಗೆ ಬಂದು ನೋಡುತ್ತಾನೆ. ಮನಸ್ಸಿಗೆ ಬಂದರೆ ಒಯ್ದು ಜೋಪಾನ ಮಾಡುತ್ತಾರೆ. ಎಲ್ಲರೂ ಹೇಳುತ್ತಿದ್ದರು, ದೀಪಾವಳಿಯೊಳಗೆ ಹೈದರಾಬಾದ ಸಂಸ್ಥಾನವೇ ಹರಿದು ಮೂರು ಕಡೆಗೆ ಹಂಚಿಹೋಗುತ್ತದೆ ಎಂದು. ಆಮೇಲೆ ಹೈದರಾಬಾದ ನಮಗೆ ಪರನಾಡು. ಆಗಬೇಕಾದ್ದು ಈಗಲೇ ಆಗಬೇಕು.

ಮಡೆಪ್ಪ ಕೇಳಿದ, "ಆ ಸಾಹೇಬಗ ಹಾರಸ್ಲಾಕ ಬರ್ತದೇನ್?"

"ಬರ್ತದ," ಅಂದ ಬಾಬುಮಿಯಾ. ಅವನ ಕಣ್ಣು ಹೊಳೆಯಿತು. "ರೆಕ್ಕಿ ಒಂದು ತೂತಿಲ್ದ ಸಾಬೂತ ಇದ್ರ ಸಾಕು. ಅಂವ ನೋಡಿದ ಕೂಡ್ಲೆ ಹಾರಸ್ಬೇಕು ಅಂತಾನ. ಹಾರಸೋರಿಗಿ ತಡ್ಕೊಳ್ಳಲಾಕ ಆಗಲ್ಲ, ನನಗ ಗೊತ್ತದ. ಮೊದಲ ನೀ ಕೂಡು, ಆಮ್ಯಾಲ ಉಳದೋರು."

ಹರಿದ ರೆಕ್ಕೆಗೆ ಬಟ್ಟೆ ಬೇಕು. ಮಾಸ್ತರ ಮುಖ ಗಂಟು ಹಾಕಿಕೊಂಡೇ ಭಾಲ್ಕಿಯಿಂದ ದಪ್ಪ ಖಾದಿ ತಂದ. ಹೊಲಿದವನೂ ಅವನೇ, ಅವನಪ್ಪ ಚಪ್ಪಲಿ ಹೊಲಿಯುತ್ತಿದ್ದವನು, ಕೈ ಬಿಗಿ ಇತ್ತು. ಆದರೆ ಬಟ್ಟೆ ಜೋಲು ಬಿತ್ತು. ವಿಮಾನದ ಬಟ್ಟೆಗೆ ಒಂದು ವಾರ್ನಿಶ್ ಹಚ್ಚುತ್ತಾರಂತೆ, ಒಣಗಿದರೆ ನಗಾರಿಯ ಹಾಗೆ ಬಿಗಿಯುತ್ತದಂತೆ. ಅದು ಬೀದರಿನಲ್ಲಿ ಎಲ್ಲಿ ಸಿಗಬೇಕು? ಸಾಹೇಬ ಬರುವ ದಿನ ಬೆಳಿಗ್ಗೆಯೂ ರೆಕ್ಕೆ ಒದ್ದೆ ಧೋತರದ ಹಾಗೆ ಜೋತಾಡುತ್ತಿತ್ತು. ನಾನು ಬಾಬುಮಿಯಾನನ್ನು ಬೈದೆ, ಅವನು ಮಾಸ್ತರನನ್ನು ಬೈದ, ಮಾಸ್ತರ ನನ್ನನ್ನು.

"ಗಂಡಸೂರ ಬಾಯಿ ಬಿಟ್ರ ಮತ್ತೇನದ," ಅಂದಳು ಭೀಮಬಾಯಿ ವೈನಿ. "ಕಂಬಳಿ ಬಿಗಿ ಮಾಡ್ಲಾಕ ನಾವೇನ್ ಹಚ್ತೀವಿ? ಹುಣಸಿ ಬೀಜದ ಗಂಜಿ. ಹಚ್ರಿ ಅದನ್ನೇ."

ಯಾರಿಗೂ ಹೊಳೆದಿರಲಿಲ್ಲ. ವೈನಿ ಹುಣಸೆ ಬೀಜದ ಹಿಟ್ಟು ಕುದಿಸಿ, ಕೈಗೆ ಅಂಟುವ ಗಂಜಿ ಮಾಡಿದಳು. ಕಂಬಳಿಯ ಕುಂಚದಿಂದ ಮಡೆಪ್ಪ ಹಚ್ಚಿದ, ಒಂದು ಪದರು ಒಣಗಿದ ಮೇಲೆ ಇನ್ನೊಂದು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಕೇಳಬೇಕೆ? ಬಟ್ಟೆ ಬಿಗಿಯಿತು. ಮಡೆಪ್ಪ ಬೆರಳಿನಿಂದ ಬಡಿದರೆ ಡುಂ ಅಂದಿತು. ಬಾಬುಮಿಯಾ ಮಡೆಪ್ಪನನ್ನು ತಬ್ಬಿಕೊಂಡ. ನಾನೂ ಯಾರನ್ನೂ ಬೈಯದೆ ನಿಂತಿದ್ದೆ, ಅಷ್ಟು ಖುಷಿ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಮಡೆಪ್ಪನ ಮನೆತನದಲ್ಲಿ ಹೊಸ ಕಂಬಳಿ ನೇಯ್ದು ಗಂಜಿ ಹಚ್ಚಿ ಒಣಗಿಸಿದ ಮೇಲೆ, ಮನುಷ್ಯರು ಹೊದೆಯುವ ಮೊದಲು ಅದನ್ನು ಹಿಂಡಿಗೆ ತೋರಿಸುತ್ತಾರೆ. ದೊಡ್ಡಿಯ ನಡುವೆ ಹರಡಿ, ಕುರಿಗಳನ್ನು ಸುತ್ತ ಬಿಟ್ಟು, ತಾವು ದೂರ ಹೋಗುತ್ತಾರೆ. ಉಣ್ಣೆ ಅವುಗಳದ್ದು, ಮೊದಲ ನೋಟವೂ ಅವುಗಳದ್ದು. ನಿಂತು ಕಾಯುವುದು ಅಪನಂಬಿಕೆ. ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು. ಮಡೆಪ್ಪ ಅಂದ, "ಇದನ್ನೂ ಹಿಂಡಿಗಿ ತೋರಸಬೇಕು. ಇವತ್ತ ಇದು ನನ್ನನ್ನ ಹೊರ್ತದ."

ದೊಡ್ಡಿಯ ಬಾಗಿಲು ತೆಗೆದು ಹಿಂಡನ್ನು ಒಳಗೆ ಬಿಟ್ಟ. ನಾವೆಲ್ಲ ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯಕ್ಕೆ ಕೂತೆವು. ಸಾಹೇಬನ ಜೀಪು ಸಂತಪೂರ ದಾಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆವು. ಮಡೆಪ್ಪ ಎರಡು ತುತ್ತು ತಿಂದು ಎದ್ದು, ಮತ್ತೆ ಕೂತು, ಮತ್ತೆ ಎದ್ದ.

ಕಂಬಳಿಯನ್ನು ಕುರಿ ತಿನ್ನುವುದಿಲ್ಲ, ಉಣ್ಣೆ ಬಾಯಿಗೆ ಚುಚ್ಚುತ್ತದೆ. ಖಾದಿ ಚುಚ್ಚುವುದಿಲ್ಲ. ಮೇಲಾಗಿ ಹುಣಸೆ ಬೀಜದ ಗಂಜಿ. ಮತ್ತು ಹಿಂಡಿನಲ್ಲಿ ಆಡುಗಳೂ ಇದ್ದವು.

ಚರ್ ಎಂಬ ಸದ್ದಿಗೆ ನಾವು ಓಡಿದಾಗ ಕೆಳಗಿನ ಬಲರೆಕ್ಕೆ ಅರ್ಧ ಎಲುಬು. ಎರಡು ಆಡು ಮುಂಗಾಲನ್ನು ರೆಕ್ಕೆಯ ಮೇಲಿಟ್ಟುಕೊಂಡು, ಮದುವೆ ಮನೆಯ ಬೀಗರ ಹಾಗೆ, ಆರಾಮವಾಗಿ ಉಣ್ಣುತ್ತಿದ್ದವು. ಒಂದರ ಬಾಯಿಂದ ಖಾದಿ ಮಾರುದ್ದ ಜೋತಿತ್ತು. ಲಾರಿಯಿಂದ ಜಾಕಿನ ಸಲಾಕೆ ಎಳೆದುಕೊಂಡು ಆಡಿನ ಹಿಂದೆ ಬಿದ್ದೆ. ಮಡೆಪ್ಪ ಅಡ್ಡ ಬಂದ.

"ಅತ್ತ ಸರಿ ಮಡೆಪ್ಪ! ಇವತ್ತ ಇದರ ಸಾರ ಮಾಡೇ ಉಣ್ತೀನಿ!"

"ಅದಕ್ಕ್ಯಾಕ ಹೊಡಿತಿ ಮಾಣಿಕಣ್ಣ? ಕರದು ಬಡಿಸಿದವ ನಾನು."

ಮಾಸ್ತರ ಒಬ್ಬನೇ ನಿಧಾನಕ್ಕೆ ಅಂದ, "ನಾ ಹೇಳಿದ್ದೆ. ಮುಟ್ಟಬ್ಯಾಡ್ರಿ ಅಂತ."

ಸಲಾಕೆ ಅವನ ಕಡೆಗೆ ತಿರುಗುವಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು.

ಸಾಹೇಬ ವಯಸ್ಸಾದವನು, ಬಿಳಿ ಮೀಸೆ. ವಿಮಾನದ ಮುಂದೆ ನಿಂತು ಟೊಪ್ಪಿಗೆ ತೆಗೆದ. ಮೂಗಿನಿಂದ ಬಾಲದ ತನಕ ಕೈಯಾಡಿಸುತ್ತ ನಡೆದ, ಕುದುರೆಯ ಮೈ ಸವರಿದ ಹಾಗೆ. ರೆಕ್ಕೆಯ ಹತ್ತಿರ ಬಂದಾಗ ಹಲ್ಲಿನ ಗುರುತು ನೋಡಿದ, ಬೇಲಿಯಾಚೆ ಇನ್ನೂ ಮೆಲುಕು ಹಾಕುತ್ತಿದ್ದ ಆಡನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಚಾಕುವಿನ ಮೊನೆಯನ್ನು ರೆಕ್ಕೆಯ ನಡುತೊಲೆಗೆ ಚುಚ್ಚಿದ. ಮೊನೆ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ನಗು ನಿಂತಿತು.

"ಗೆದ್ದಲ," ಅಂದ. "ಬಟ್ಟಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಇದನ್ನ ನಾವು ಒಯ್ತೀವಿ. ಇಂಥಾದ್ದು ಈಗ ಸಿಗೋದಿಲ್ಲ. ನೆರಳಿನಾಗ ನಿಲ್ಲಿಸ್ತೀವಿ, ಜನಾ ನೋಡ್ತಾರ. ಆದರ ಇದು ಇನ್ನ ಹಾರಬಾರದು. ಹಾರಿಸಿದವ ಉಳಿಯಲ್ಲ."

ಬಾಬುಮಿಯಾ ಕೆಳಗೆ ನೋಡಿದ. ಎಣ್ಣೆ ಬಿಡುತ್ತ ಬಿಡುತ್ತ ಇಂಜಿನ್ನನ್ನೇ ಕಾಪಾಡಿದ್ದ. ಕಟ್ಟಿಗೆಯೊಳಗೆ ಏನು ನಡೆದಿದೆ ಎಂದು ನಮ್ಮೊಳಗೆ ಯಾರೂ ಚುಚ್ಚಿ ನೋಡಿರಲಿಲ್ಲ. ಬಣ್ಣಕ್ಕೆ ಜಗಳಾಡಿದವರು ನಾವು.

ಮಡೆಪ್ಪ ಸಾಹೇಬನ ಎದುರು ಬಂದು ನಿಂತ. "ಹಾರಲ್ಲೇನ್ರಿ?"

"ಇಲ್ಲಪ್ಪ."

"ಮತ್ತ್ಯಾಕ ಒಯ್ತೀರಿ?"

"ನೋಡ್ಲಾಕ."

"ನೋಡೋದಾದ್ರ ಇಲ್ಲೇ ಬಂದು ನೋಡ್ರಿ. ನಾ ಕೊಡಲ್ಲ."

ಅಂದವನೇ ಬೀಳಿನ ಕಡೆಗೆ ನಡೆದುಬಿಟ್ಟ. ಅಲ್ಲಿ ಹೋಗಿ ಅತ್ತಿಂದಿತ್ತ, ಅತ್ತಿಂದಿತ್ತ, ಬೋನಿಗೆ ಹಾಕಿದ ತೋಳದ ಹಾಗೆ. ಸಾಹೇಬನಿಗೆ ಬಾಬುಮಿಯಾ ಎಲ್ಲ ಹೇಳಿದ: ಮುರಿದ ಕಾಲು, ಕಂಬಳಿ, ಮಾತು ಕೊಟ್ಟದ್ದು. ಸಾಹೇಬ ಇಂಜಿನ್ನಿನ ಮುಚ್ಚಳ ಎತ್ತಿ ನೋಡಿದ.

"ಇಂಜನ್ ಚಾಲೂ ಆಗ್ತದೇನ್?"

"ಆಗ್ತದ್ರಿ ಸಾಹೇಬ."

"ಹಾಂಗಾದ್ರ ಬೀಳಿನಾಗ ಒಂದು ಸುತ್ತ ಓಡ್ಸು. ನೆಲದ ಮ್ಯಾಲ. ಎತ್ತಿನಗಾಡಿ ಹೋದಂಗ ಹೋಗಬೇಕು, ತಿಳೀತೇನ್? ಅವನ್ನ ಮುಂದ ಕೂಡ್ಸು."

ನನ್ನ ಲಾರಿಯ ಪೆಟ್ರೋಲು ಬಸಿದು ಹಾಕಿದೆವು. ವಿಮಾನವನ್ನು ಬೀಳಿಗೆ ತಳ್ಳಿದೆವು. ಮಡೆಪ್ಪ ರುಮಾಲು ಬಿಗಿದು, ಮೈಗೆ ಕಂಬಳಿ ಸುತ್ತಿ, ಮುಂದಿನ ಗುಂಡಿಯಂಥ ಆಸನದಲ್ಲಿ ಕೂತ; ಹಿಂದೆ ಬಾಬುಮಿಯಾ. ಬಡಿಗೆ ಬಿಡು ಅಂದರೆ ಬಿಡಲಿಲ್ಲ, ತೊಡೆಯ ನಡುವೆ ಹಿಡಿದುಕೊಂಡ. ಸಾಹೇಬ ತಾನೇ ಪಂಖ ಜಗ್ಗಿ ತಿರುಗಿಸಿದ. ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ನಾನು ಬಾಲ ಹಿಡಿದವನು ಬೈಗುಳದ ಮೇಲೆ ಬೈಗುಳ. ಕಡೆಗೊಮ್ಮೆ ನೀಲಿ ಹೊಗೆ ಉಗುಳಿ, ಹೊಡೆದುಕೊಂಡಿತು ನೋಡಿ, ನನ್ನ ಎದೆಯೊಳಗೇ ಹೊಡೆದುಕೊಂಡ ಹಾಗೆ.

ಎತ್ತಿನಗಾಡಿಯ ಹಾಗೆಯೇ ಹೊರಟಿತು. ಬೀಳಿನ ಆ ತುದಿಗೆ ಹೋಗಿ, ತಿರುಗಿ, ನಮ್ಮ ಕಡೆಗೆ ಮುಖ ಮಾಡಿತು. ಅಲ್ಲಿ ಬಾಬುಮಿಯಾನಿಗೆ ಏನಾಯಿತೋ. ಕೊಟ್ಟ ಮಾತು ನೆನಪಾಯಿತೋ, ತಲೆ ಕೆಟ್ಟಿತೋ. ಇಂಜಿನ್ನಿನ ಸದ್ದು ಏರಿತು. ಏರುತ್ತಲೇ ಹೋಯಿತು.

"ಏ! ಸಾವಕಾಶ! ಏ!" ಸಾಹೇಬ ಕೈ ಬೀಸುತ್ತ ಓಡಿದ. ಬಾಲ ಎದ್ದಿತು. ತಿಂದುಳಿದ ರೆಕ್ಕೆಯ ಖಾದಿ ಪಟಪಟ ಬಡಿಯುತ್ತಿತ್ತು. ಹಿಂಡು ಅಂದಿನ ಹಾಗೆಯೇ ದಿಕ್ಕಾಪಾಲು. ಬೀಳಿನ ನಡುವೆ ಮಣ್ಣಿನ ಒಡ್ಡು ಇದೆ, ಮೊಣಕಾಲೆತ್ತರದ್ದು. ವಿಮಾನ ನೇರ ಅದರ ಮೇಲೆ ಬಂತು.

ಅಲ್ಲಿಂದ ಮುಂದೆ ಏನಾಯಿತು ಎಂಬುದೇ ಜಗಳ. ಧೂಳು ಕವಿಯಿತು. ಧೂಳು ಇಳಿದಾಗ ವಿಮಾನ ಒಡ್ಡಿನ ಈಚೆ, ಬೇಲಿಗೆ ಮೂಗು ತಾಗಿಸಿ, ಒಂದು ಗಾಲಿ ಸೊಟ್ಟಾಗಿ ನಿಂತಿತ್ತು. ಬಾಬುಮಿಯಾ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಮಡೆಪ್ಪನ ರುಮಾಲು ಎಲ್ಲೋ ಹೋಗಿತ್ತು, ಬಡಿಗೆ ಮುರಿದಿತ್ತು.

"ಎದ್ದಿತ್ತು! ನೆಲ ಬಿಟ್ಟಿತ್ತು!" ಮಾಸ್ತರ ಕುಣಿಯುತ್ತಿದ್ದ. ಮುಟ್ಟಬ್ಯಾಡ್ರಿ ಅಂದ ಮಾಸ್ತರ!

"ಒಡ್ಡಿಗಿ ತಾಗಿ ಜಿಗದದ," ಅಂದೆ ನಾನು. "ನನ್ನ ಲಾರಿನೂ ಜಿಗೀತದ. ಅದಕ್ಕ ಹಾರೋದು ಅಂತಾರೇನ್?"

ಸಾಹೇಬನನ್ನು ಕೇಳಿದರೆ ಕಣ್ಣು ಒರೆಸಿಕೊಂಡ. "ಧೂಳ ಬಿದ್ದಿತ್ತು. ನಾ ನೋಡಿಲ್ಲ," ಅಂದ.

ಮಡೆಪ್ಪ ನಿಧಾನಕ್ಕೆ ಇಳಿದ. ಭೀಮಬಾಯಿ ವೈನಿ ನೀರು ತಂದಳು. ಕುಡಿದು, ಕೆಳಗೆ ಕೂತ. ಎರಡೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತ.

"ನೆರಳು ಗಾಲಿ ಬಿಟ್ಟು ಬ್ಯಾರೆ ಆಗಿತ್ತು," ಅಂದ ಬಾಬುಮಿಯಾನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಮಾಣಿಕಣ್ಣ, ಒಯ್ಯಿ ಇನ್ನ. ಹಗ್ಗ ಬಿಗಿ ಕಟ್ಟು. ಹಾದ್ಯಾಗ ಎಲ್ಲೂ ಬೀಳಬಾರದು."

ರೆಕ್ಕೆ ಬಿಚ್ಚಿ, ಕಂಬಳಿ ಸುತ್ತಿ, ನನ್ನ ಲಾರಿಯಲ್ಲೇ ಹೈದರಾಬಾದಿಗೆ ಮುಟ್ಟಿಸಿದೆವು. ಆಡು ತಿಂದ ಖಾದಿಯನ್ನು ಹಾಗೆಯೇ ಬಿಡಬೇಕೆಂದು ಮಾಸ್ತರ ಸಾಹೇಬನ ಜೊತೆ ಹಾದಿಯುದ್ದಕ್ಕೂ ವಾದ ಮಾಡಿದ. ಅದೂ ಈಗ ಚರಿತ್ರೆಯಂತೆ.

ಮೃಗಶಿರ ಮಳೆಗೆ ಮೊದಲು ನಾನು ಔರಾದಿಗೆ ಹೋದಾಗ ಮಡೆಪ್ಪ ಎತ್ತು ಹೂಡಿ ಬೀಳನ್ನು ಹರಗುತ್ತಿದ್ದ. ಈ ಸಲ ಅಲ್ಲಿ ಹೆಸರುಕಾಳು ಬಿತ್ತುತ್ತಾನಂತೆ. ಒಡ್ಡಿನ ಹತ್ತಿರ ಮಾತ್ರ ಎತ್ತನ್ನು ಸುತ್ತು ಹಾಕಿಸುತ್ತಿದ್ದ. ನಡೆದು ಹೋಗಿ ನೋಡಿದೆ. ಗಾಲಿಯ ಎರಡು ಗೆರೆ ಒಡ್ಡಿನ ತನಕ ಬಂದು ನಿಂತಿದ್ದವು. ಒಡ್ಡಿನ ಈಚೆ, ಒಂದು ಎತ್ತಿನಗಾಡಿ ಅಡ್ಡ ನಿಲ್ಲಿಸುವಷ್ಟು ಜಾಗ ಬಿಟ್ಟು, ಮತ್ತೆ ಶುರುವಾಗಿದ್ದವು. ನಡುವೆ ಹುಲ್ಲು ಹಾಗೆಯೇ ಇತ್ತು.

"ಜಿಗದ್ರೂ ಹಿಂಗೇ ಆಗ್ತದ," ಅಂದು, ಅಳೆಯಲು ಕಾಲು ಮುಂದಿಟ್ಟೆ.

ಮಡೆಪ್ಪ ಎತ್ತು ಬಿಟ್ಟು ಓಡಿಬಂದು ನನ್ನ ರಟ್ಟೆ ಹಿಡಿದ.

"ಮುಟ್ಟಬ್ಯಾಡ. ಹ್ಯಾಂಗ ಅದ ಹಂಗೇ ಇರ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಮಳೆ ಬಂದರೆ ಇದೆಲ್ಲ ನಾಳೆಯೇ ಅಳಿಸಿಹೋಗುತ್ತದೆ, ಯಾರನ್ನು ಕಾಯುತ್ತೀ ಎಂದು ಕೂಗಾಡಿದೆ. ಅವನು ಕೇಳಿಸಿಕೊಳ್ಳಲಿಲ್ಲ, ಜಾಲಿಮುಳ್ಳು ತಂದು ಗೆರೆಯ ಸುತ್ತ ಹಾಕತೊಡಗಿದ. ಮೋಡ ಏರುತ್ತಿತ್ತು. ಮುಂಡಾಸು ಸೊಂಟಕ್ಕೆ ಕಟ್ಟಿ ನಾನೂ ಮುಳ್ಳು ಎಳೆದೆ.